ದೇವರ ಪ್ರಶ್ನೆ ತತ್ವಶಾಸ್ತ್ರ ವಿಭಾಗಕ್ಕೆ ವಾಪಸ್ ಬಂದದ್ದು ಹೇಗೆ? ಪ್ಲಾಂಟಿಂಗಾ ಪೀಳಿಗೆಯ ಬಗ್ಗೆ ಮಾತಾಡೋಣ

ಹಗಲು_ಓದು

1950ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ತತ್ವಶಾಸ್ತ್ರ ಓದುವ ಹುಡುಗನೊಬ್ಬ ‘ದೇವರಿದ್ದಾನೆ’ ಎಂದಿದ್ದರೆ, ಅನೇಕ ಮೇಷ್ಟ್ರುಗಳು ಅದನ್ನು ಸುಳ್ಳು ಅಂತಲೂ ಹೇಳುತ್ತಿರಲಿಲ್ಲ. ಆ ಮಾತಿಗೆ ಅರ್ಥವೇ ಇಲ್ಲ ಅನ್ನುತ್ತಿದ್ದರು. ಸುಳ್ಳು ಅಂದರೆ ಕೊನೆಪಕ್ಷ ವಾದಕ್ಕಿಳಿಯಬಹುದು. ಅರ್ಥವೇ ಇಲ್ಲ ಅಂದಮೇಲೆ ವಾದಕ್ಕೆ ಜಾಗವೇ ಇಲ್ಲ.

ಇದರ ಬೇರು ವಿಯೆನ್ನಾ ಬಳಗದಲ್ಲಿದೆ, ಅಂದರೆ ಎಲ್ಲವನ್ನೂ ವಿಜ್ಞಾನದ ಅಳತೆಯಲ್ಲಿ ನೋಡಬೇಕು ಅಂದ ವಿಯೆನ್ನಾದ ತತ್ವಶಾಸ್ತ್ರಜ್ಞರ ಗುಂಪಿನಲ್ಲಿ. ಅವರ ವಿಚಾರವನ್ನು ಇಂಗ್ಲೆಂಡಿಗೆ ತಂದವರು ಎ. ಜೆ. ಏಯರ್. 1936ರಲ್ಲಿ ‘ಲ್ಯಾಂಗ್ವೇಜ್, ಟ್ರೂತ್ ಅಂಡ್ ಲಾಜಿಕ್’ ಬಂದಾಗ ಅವರಿಗೆ ಇನ್ನೂ ಇಪ್ಪತ್ತೈದು ವರ್ಷ. ಒಂದು ಮಾತು ಗಣಿತದ ಹಾಗೆ ತನ್ನ ಅರ್ಥದಿಂದಲೇ ನಿಜವಾಗಿರಬೇಕು, ಇಲ್ಲವೇ ಅನುಭವದಿಂದ ಪರೀಕ್ಷೆ ಮಾಡುವಂತಿರಬೇಕು. ಎರಡೂ ಇಲ್ಲದಿದ್ದರೆ ಅದು ಬರೀ ಸದ್ದು. ಈ ಲೆಕ್ಕದಲ್ಲಿ ‘ದೇವರಿಲ್ಲ’ ಅನ್ನುವ ನಾಸ್ತಿಕನ ಮಾತಿಗೂ ಅರ್ಥವಿಲ್ಲ. ಇದನ್ನು ಏಯರ್ ತಾವೇ ಒಪ್ಪಿಕೊಂಡಿದ್ದರು.

ಮುಂದೆ ಈ ನಿಯಮ ತನ್ನ ಭಾರಕ್ಕೆ ತಾನೇ ಕುಸಿಯಿತು. ‘ಪರೀಕ್ಷೆ ಮಾಡಲಾಗದ ಮಾತಿಗೆ ಅರ್ಥವಿಲ್ಲ’ ಅನ್ನುವ ಮಾತನ್ನು ಯಾವ ಅನುಭವದಿಂದ ಪರೀಕ್ಷೆ ಮಾಡುವುದು? ನಿಯಮವನ್ನು ಬಿಗಿ ಮಾಡಿದರೆ ವಿಜ್ಞಾನದ ನಿಯಮಗಳೂ ಹೊರಗೆ ಹೋಗುತ್ತಿದ್ದವು. ಸಡಿಲ ಮಾಡಿದರೆ ಎಲ್ಲವೂ ಒಳಗೆ ಬರುತ್ತಿತ್ತು. ಇದನ್ನು ತೋರಿಸಿಕೊಟ್ಟವರು ಪಾದ್ರಿಗಳಲ್ಲ. ಹೆಂಪೆಲ್ ಅವರಂಥ, ಅದೇ ಪರಂಪರೆಯಿಂದ ಬಂದವರು. ಇದು ಮುಖ್ಯ. ಬಾಗಿಲು ಹಾಕಿದವರೇ ಬಾಗಿಲು ತೆಗೆದರು.

ತೆಗೆದ ಬಾಗಿಲಿನಿಂದ ಒಳಗೆ ಬಂದವರಲ್ಲಿ ಮೊದಲು ಹೇಳಬೇಕಾದ ಹೆಸರು ಅಮೆರಿಕದ ತತ್ವಶಾಸ್ತ್ರಜ್ಞ ಆಲ್ವಿನ್ ಪ್ಲಾಂಟಿಂಗಾ. ಹುಟ್ಟಿದ್ದು 1932ರಲ್ಲಿ, ಮಿಶಿಗನ್ನಿನಲ್ಲಿ. ಡಚ್ ಮೂಲದ ಕಾಲ್ವಿನಿಸ್ಟ್ (ಪ್ರಾಟೆಸ್ಟಂಟರ ಒಂದು ಪಂಗಡ) ಮನೆತನ. ಹಾರ್ವರ್ಡ್ ಸ್ಕಾಲರ್‌ಶಿಪ್ ಸಿಕ್ಕಿ ಅಲ್ಲಿಗೆ ಹೋದ ಹುಡುಗ ರಜೆಗೆ ಊರಿಗೆ ಬಂದಾಗ ಕಾಲ್ವಿನ್ ಕಾಲೇಜಿನಲ್ಲಿ ಹ್ಯಾರಿ ಜೆಲೆಮಾ ಅನ್ನುವ ಮೇಷ್ಟ್ರ ಪಾಠ ಕೇಳಿದ. ಹಾರ್ವರ್ಡ್ ಬಿಟ್ಟು ಅಲ್ಲಿಗೇ ಸೇರಿಕೊಂಡ. ಅಲ್ಲಿ ಅವರ ಜೊತೆ ಓದಿದವರು ನಿಕೋಲಸ್ ವೋಲ್ಟರ್‌ಸ್ಟಾರ್ಫ್. ಮುಂದೆ ಇಬ್ಬರೂ ಅದೇ ಕಾಲೇಜಿನಲ್ಲಿ ಮೇಷ್ಟ್ರಾದರು. ವಿಭಾಗದವರು ವಾರಕ್ಕೊಮ್ಮೆ ಸೇರಿ ಒಬ್ಬರು ಬರೆದದ್ದನ್ನು ಉಳಿದವರು ಸಾಲು ಸಾಲಾಗಿ ಜರಡಿ ಹಿಡಿಯುತ್ತಿದ್ದರು. ಈ ಪುನರುಜ್ಜೀವನಕ್ಕೆ ನೆಲೆ ಸಿಕ್ಕಿದ್ದು ಆ ಕೋಣೆಯಲ್ಲಿ ಅನ್ನುವುದು ನನ್ನ ಅಭಿಪ್ರಾಯ.

ಆಮೇಲಿನದು ಬೇಗ ಹೇಳುತ್ತೇನೆ. 1967ರಲ್ಲಿ ಪ್ಲಾಂಟಿಂಗಾ ಅವರ ‘ಗಾಡ್ ಅಂಡ್ ಅದರ್ ಮೈಂಡ್ಸ್’ ಬಂತು. 1974ರಲ್ಲಿ ‘ದಿ ನೇಚರ್ ಆಫ್ ನೆಸೆಸಿಟಿ’. 1978ರಲ್ಲಿ ಅಮೆರಿಕದಲ್ಲಿ ಕ್ರಿಶ್ಚಿಯನ್ ತತ್ವಶಾಸ್ತ್ರಜ್ಞರ ಸಂಘ ಶುರುವಾಯಿತು. ವಿಲಿಯಂ ಆಲ್‌ಸ್ಟನ್ ಮೊದಲ ಅಧ್ಯಕ್ಷರು. 1979ರಲ್ಲಿ ಇಂಗ್ಲೆಂಡಿನಲ್ಲಿ ರಿಚರ್ಡ್ ಸ್ವಿನ್‌ಬರ್ನ್ ಸಂಭವನೀಯತೆಯ ಗಣಿತ, ಅಂದರೆ ಬೇಯ್ಸ್ ಸೂತ್ರ ಇಟ್ಟುಕೊಂಡು ದೇವರ ಅಸ್ತಿತ್ವದ ಪರ ವಾದ ಮಂಡಿಸಿದರು. 1980ರಲ್ಲಿ ‘ಟೈಮ್’ ಪತ್ರಿಕೆ ಇದನ್ನೆಲ್ಲ ಗಮನಿಸಿ ಲೇಖನ ಬರೆಯಿತು. 1983ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಪ್ಲಾಂಟಿಂಗಾ ಒಂದು ಭಾಷಣ ಮಾಡಿದರು. ನೀವು ಯಾವ ಪ್ರಶ್ನೆ ಕೇಳಬೇಕು ಅಂತ ಹಾರ್ವರ್ಡ್, ಪ್ರಿನ್ಸ್‌ಟನ್ ತೀರ್ಮಾನಿಸಬೇಕಿಲ್ಲ, ನಿಮ್ಮ ಸಮುದಾಯಕ್ಕೂ ಅದರದ್ದೇ ಪ್ರಶ್ನೆಗಳಿವೆ, ಧೈರ್ಯವಾಗಿ ಅವನ್ನು ಕೈಗೆತ್ತಿಕೊಳ್ಳಿ ಅನ್ನುವುದು ಅದರ ಸಾರ.

ಈ ಪೀಳಿಗೆ ದೇವರಿದ್ದಾನೆ ಅಂತ ಎಲ್ಲರನ್ನೂ ಒಪ್ಪಿಸಲಿಲ್ಲ. ಆದರೆ ತತ್ವಶಾಸ್ತ್ರದ ಅತಿ ಕಠಿಣ ನಿಯಮಗಳನ್ನು ಒಪ್ಪಿಕೊಂಡು, ಅದೇ ಕಣದಲ್ಲಿ ನಿಂತು, ನಂಬಿಕೆಯನ್ನು ಮತ್ತೆ ಚರ್ಚೆಯ ವಿಷಯ ಮಾಡಿತು. ಇದು ದೊಡ್ಡ ಕೆಲಸ ಅಂತ ನಾನು ಮನಸಾರೆ ನಂಬಿದ್ದೇನೆ. ನಿಮ್ಮ ಅಭಿಪ್ರಾಯ ಹೇಳಿ.

ಅನುಮಾನಿ

ಬರಹ ಚೆನ್ನಾಗಿದೆ. ಆದರೆ ‘ಪುನರುಜ್ಜೀವನ’ ಅನ್ನುವ ಮಾತು ನನಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ಅಂಕಿ ನೋಡೋಣ. 2009ರಲ್ಲಿ ಫಿಲ್‌ಪೇಪರ್ಸ್ ಅನ್ನುವ ತತ್ವಶಾಸ್ತ್ರದ ಜಾಲತಾಣದವರು ತತ್ವಶಾಸ್ತ್ರದ ಅಧ್ಯಾಪಕರ ಸಮೀಕ್ಷೆ ಮಾಡಿದರು. ನಾಸ್ತಿಕತೆಯ ಕಡೆ ಒಲವಿದ್ದವರು ಶೇ. 72.8. ಆಸ್ತಿಕತೆಯ ಕಡೆ ಶೇ. 14.6. 2020ರಲ್ಲಿ ಮತ್ತೆ ಕೇಳಿದಾಗ ಇದು ಶೇ. 66.9 ಮತ್ತು ಶೇ. 18.9 ಆಯಿತು. ಸ್ವಲ್ಪ ಏರಿದೆ, ನಿಜ. ಆದರೂ ಮೂರರಲ್ಲಿ ಇಬ್ಬರು ಒಪ್ಪಿಲ್ಲ.

ಇನ್ನೊಂದು ವಿಷಯ. 2009ರ ಸಮೀಕ್ಷೆಯಲ್ಲಿ ಧರ್ಮದ ತತ್ವಶಾಸ್ತ್ರವನ್ನೇ ವಿಶೇಷ ವಿಷಯವಾಗಿ ತೆಗೆದುಕೊಂಡವರಲ್ಲಿ ಆಸ್ತಿಕರು ಶೇ. 70 ದಾಟಿದ್ದರು. ನಂಬಿಕೆ ಇದ್ದವರೇ ಆ ವಿಷಯ ಆರಿಸಿಕೊಂಡು ಬರುತ್ತಾರೆ. ಒಳಗೊಳಗೇ ಮಾತಾಡಿಕೊಂಡು ಗೆದ್ದೆವು ಅನ್ನುವುದು ಸರಿಯಲ್ಲ, ಅಲ್ವಾ?

ಹಗಲು_ಓದು

ಅನುಮಾನಿ ಅವರೇ, ಅಂಕಿ ಸರಿಯಾಗಿದೆ. ಬಹುಮತ ಬಂತು ಅಂತ ನಾನು ಹೇಳುತ್ತಿಲ್ಲ. ಹೋಲಿಕೆ ಯಾವುದಕ್ಕೆ ಅನ್ನುವುದು ಮುಖ್ಯ. 1950ರ ದಶಕದಲ್ಲಿ ದೊಡ್ಡ ವಿಶ್ವವಿದ್ಯಾಲಯದಲ್ಲಿ ‘ನಾನು ಕ್ರಿಶ್ಚಿಯನ್, ನನ್ನ ತತ್ವಶಾಸ್ತ್ರಕ್ಕೂ ಅದಕ್ಕೂ ಸಂಬಂಧ ಇದೆ’ ಅಂತ ಬರೆದು ಪ್ರಕಟಿಸುವವರು ಬೆರಳೆಣಿಕೆಯಷ್ಟು. ಇವತ್ತು ಐದರಲ್ಲೊಬ್ಬರು ಆಸ್ತಿಕತೆಯ ಕಡೆ ಇದ್ದಾರೆ. ಅವರ ಬರಹಗಳು ಅತ್ಯುತ್ತಮ ಪತ್ರಿಕೆಗಳಲ್ಲಿ, ವಿರೋಧಿಗಳೇ ಪರಿಶೀಲಕರಾಗಿದ್ದರೂ ಪ್ರಕಟವಾಗುತ್ತವೆ.

ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಒಬ್ಬ ನಾಸ್ತಿಕರು, ಕ್ವೆಂಟಿನ್ ಸ್ಮಿತ್. 2001ರಲ್ಲಿ ಅವರು ತಮ್ಮ ಕಡೆಯವರಿಗೇ ಎಚ್ಚರಿಕೆ ಕೊಟ್ಟು ಬರೆದರು. ಉಳಿದ ವಿಭಾಗಗಳಲ್ಲಿ ದೇವರ ಮಾತು ಮುಗಿದಿದೆ, ತತ್ವಶಾಸ್ತ್ರದಲ್ಲಿ ಮಾತ್ರ 1960ರ ದಶಕದ ಕೊನೆಯಿಂದ ವಾಪಸ್ ಬಂದಿದೆ, ನಾವು ಕೈಕಟ್ಟಿ ನೋಡುತ್ತಾ ಕೂತೆವು ಅನ್ನುವುದು ಅವರ ದೂರು. ಅಧ್ಯಾಪಕರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಆಸ್ತಿಕರು ಅಂತ ಅಂದಾಜು ಮಾಡಿದ್ದರು. ನೀವು ಕೊಟ್ಟ ಸಮೀಕ್ಷೆ ನೋಡಿದರೆ ಆ ಅಂದಾಜು ಹೆಚ್ಚಾಯಿತು. ಆದರೆ ಎದುರು ಪಾಳೆಯದಲ್ಲಿ ನಿಂತವರಿಗೆ ಹಾಗೆ ಅನ್ನಿಸಿತು ಅನ್ನುವುದೇ ಏನೋ ಹೇಳುತ್ತದೆ.

ಎಂಎ_ಮೊದಲ_ವರ್ಷ

ಸರ್, ಒಂದು ಪ್ರಶ್ನೆ. ಪ್ಲಾಂಟಿಂಗಾ ಅವರ ವಾದ ಎಂದರೆ ‘ಪುರಾವೆ ಇಲ್ಲದೆ ನಂಬಬಹುದು’ ಅನ್ನುವುದು ಅಂತ ನಮ್ಮ ಕ್ಲಾಸಿನಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು. ಇಷ್ಟೇನಾ? ಹಾಗಾದರೆ ಯಾರು ಏನು ಬೇಕಾದರೂ ನಂಬಬಹುದಲ್ಲ?

ಹಗಲು_ಓದು

ಆ ಒಂದು ಸಾಲಿನಿಂದ ಅವರಿಗೆ ಅನ್ಯಾಯವಾಗುತ್ತದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎದುರಿಗೆ ಕೂತ ಗೆಳೆಯ ಹಲ್ಲುನೋವು ಅಂತ ಕೆನ್ನೆ ಹಿಡಿದುಕೊಂಡಿದ್ದಾನೆ. ಅವನಿಗೆ ನೋವಾಗುತ್ತಿದೆ ಅಂತ ನಿಮಗೆ ಗೊತ್ತು. ಹೇಗೆ ಗೊತ್ತು? ಅವನ ನೋವು ನಿಮ್ಮ ಅನುಭವಕ್ಕೆ ಬರುವುದಿಲ್ಲ. ನಿಮಗೆ ಕಾಣುವುದು ಅವನ ಮುಖ, ಕೈ, ನರಳಾಟ. ‘ನನಗೆ ನೋವಾದಾಗ ನಾನು ಹೀಗೆ ಮಾಡುತ್ತೇನೆ, ಆದ್ದರಿಂದ ಅವನಿಗೂ ನೋವಿದೆ’ ಅನ್ನಬಹುದು. ಆದರೆ ಒಂದೇ ಒಂದು ಉದಾಹರಣೆ, ಅಂದರೆ ನಿಮ್ಮದೊಂದೇ, ಇಟ್ಟುಕೊಂಡು ಕೋಟಿಗಟ್ಟಲೆ ಜನರ ಬಗ್ಗೆ ಹೇಳುವ ವಾದ ಅದು. ಬೇರೆಯವರಿಗೂ ಮನಸ್ಸಿದೆ ಅನ್ನುವುದಕ್ಕೆ ಪಕ್ಕಾ ಪುರಾವೆ ಕೊಟ್ಟವರು ಇಲ್ಲ. ಆದರೂ ಅದನ್ನು ನಂಬುವವರನ್ನು ಯಾರೂ ಅವಿವೇಕಿ ಅನ್ನುವುದಿಲ್ಲ. 1967ರ ಪುಸ್ತಕದ ತಿರುಳು ಇದು. ದೇವರ ಪರ ಇರುವ ವಾದಗಳಿಗೂ ಇಷ್ಟೇ ಬಲ, ಇಷ್ಟೇ ದೌರ್ಬಲ್ಯ ಇದೆ. ಒಂದನ್ನು ವಿವೇಕ ಅಂದು ಇನ್ನೊಂದನ್ನು ಅವಿವೇಕ ಅನ್ನುವುದು ಹೇಗೆ?

ಮುಂದೆ 1983ರಲ್ಲಿ ಇನ್ನೂ ಒಂದು ಹೆಜ್ಜೆ ಇಟ್ಟರು. ನೆನಪು, ಕಣ್ಣಿಗೆ ಕಂಡದ್ದು, ಬೇರೆಯವರ ಮನಸ್ಸು, ಇವನ್ನೆಲ್ಲ ನಾವು ಬೇರೆ ನಂಬಿಕೆಗಳಿಂದ ಲೆಕ್ಕ ಹಾಕಿ ನಂಬುವುದಿಲ್ಲ. ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿದೆ, ಅಷ್ಟೆ. ಇವು ಬುನಾದಿ ನಂಬಿಕೆಗಳು. ದೇವರಲ್ಲಿ ನಂಬಿಕೆಯೂ ಹಾಗೆ ಬುನಾದಿಯಾಗಿರಬಹುದು ಅಂತ ಅವರ ವಾದ.

ಯಾರು ಏನು ಬೇಕಾದರೂ ನಂಬಬಹುದಾ ಅನ್ನುವ ನಿಮ್ಮ ಪ್ರಶ್ನೆಯನ್ನು ಅವರೇ ಎತ್ತಿದ್ದರು. ಅಮೆರಿಕದ ಒಂದು ಕಾಮಿಕ್ಸಿನಲ್ಲಿ ಹುಡುಗನೊಬ್ಬ ಹ್ಯಾಲೋವೀನ್ ರಾತ್ರಿ ಹೊಲದಿಂದ ಮಹಾ ಕುಂಬಳಕಾಯಿ ಎದ್ದು ಬರುತ್ತದೆ ಅಂತ ಕಾಯುತ್ತಾನೆ. ಅದೂ ಬುನಾದಿ ನಂಬಿಕೆಯಾ? ಪ್ಲಾಂಟಿಂಗಾ ಉತ್ತರ: ಕೆಲವು ನಂಬಿಕೆಗಳು ಬುನಾದಿ ಅಂದ ಮಾತ್ರಕ್ಕೆ ಎಲ್ಲವೂ ಆಗುವುದಿಲ್ಲ. ಯಾವ ಸಂದರ್ಭದಲ್ಲಿ ಹುಟ್ಟಿತು, ಹುಟ್ಟಿಸಿದ ಸಾಮರ್ಥ್ಯ ಸರಿಯಾಗಿ ಕೆಲಸ ಮಾಡುತ್ತಿದೆಯಾ, ಅದರ ವಿರುದ್ಧ ಬಂದ ಆಕ್ಷೇಪಕ್ಕೆ ಉತ್ತರ ಇದೆಯಾ, ಇವೆಲ್ಲ ನೋಡಬೇಕು.

ಎಲ್ಲಕ್ಕಿಂತ ಪ್ರಾಮಾಣಿಕವಾದ ಮಾತು 2000ದಲ್ಲಿ ಬಂದ ಅವರ ದೊಡ್ಡ ಪುಸ್ತಕದಲ್ಲಿದೆ. ಕ್ರಿಶ್ಚಿಯನ್ ನಂಬಿಕೆ ನಿಜವಾಗಿದ್ದರೆ, ಅದಕ್ಕೆ ಜ್ಞಾನದ ಸ್ಥಾನ ಇರುವ ಸಾಧ್ಯತೆ ಹೆಚ್ಚು. ಸುಳ್ಳಾಗಿದ್ದರೆ ಬಹುಶಃ ಇಲ್ಲ. ನಿಜವೋ ಸುಳ್ಳೋ ಅಂತ ಸಾಬೀತು ಮಾಡುವುದು ತತ್ವಶಾಸ್ತ್ರದ ಕೈಲಾಗುವ ಕೆಲಸವಲ್ಲ ಅಂತ ಪುಸ್ತಕದ ಕೊನೆಯಲ್ಲಿ ಹೇಳುತ್ತಾರೆ. ಹಾಗಾಗಿ ‘ನಿಜ ಇರಬಹುದೇನೋ, ಆದರೂ ನಂಬುವುದು ಅವಿವೇಕ’ ಅನ್ನುವ ಮಧ್ಯದ ದಾರಿ ಸುಲಭವಾಗಿ ಸಿಗುವುದಿಲ್ಲ. ಆಕ್ಷೇಪ ಮಾಡುವವರು ಅದು ಸುಳ್ಳು ಅಂತಲೇ ತೋರಿಸಬೇಕು.

ಅನುಮಾನಿ

ಆ ಉತ್ತರದಲ್ಲಿ ತೂತಿದೆ. ಇದೇ ಅಚ್ಚಿನಲ್ಲಿ ಬೇರೆ ಯಾವ ಪಂಥದವರೂ ತಮ್ಮ ನಂಬಿಕೆ ಇಟ್ಟು ‘ನಮ್ಮದು ನಿಜವಾಗಿದ್ದರೆ ಅದು ಜ್ಞಾನ’ ಅನ್ನಬಹುದು. ಮೈಕೆಲ್ ಮಾರ್ಟಿನ್ ಈ ಆಕ್ಷೇಪ ಎತ್ತಿದ್ದರು. ಅದಕ್ಕೆ ‘ಕುಂಬಳಕಾಯಿಯ ಮಗ’ ಅನ್ನುವ ಹೆಸರೇ ಬಿತ್ತು. ಎರಡು ಸಮುದಾಯಗಳು ಒಂದಕ್ಕೊಂದು ಪೂರ್ತಿ ವಿರುದ್ಧವಾದದ್ದನ್ನು ಬುನಾದಿ ಅಂದರೆ, ಹೊರಗಿನವನು ಏನು ಮಾಡಬೇಕು?

ಉಡುಪಿ_ಕಡೆಯವ

ಈ ಜಗಳ ನಮಗೆ ಹೊಸದಲ್ಲ. ಅದಕ್ಕೇ ನಡುವೆ ಬಾಯಿ ಹಾಕುತ್ತಿದ್ದೇನೆ.

ಜ್ಞಾನ ಹುಟ್ಟಿದಾಗಲೇ ಪ್ರಮಾಣ, ಅಂದರೆ ನಂಬಲು ಯೋಗ್ಯ, ಅದನ್ನು ಸುಳ್ಳು ಮಾಡುವ ಬಾಧಕ ಬಂದರೆ ಮಾತ್ರ ಬಿಡಬೇಕು ಅನ್ನುವುದು ವೇದದ ಅರ್ಥ ವಿಚಾರಿಸುವ ಮೀಮಾಂಸಕರ ಸ್ವತಃಪ್ರಾಮಾಣ್ಯ. ಮಧ್ವಾಚಾರ್ಯರೂ ಅದನ್ನು ಒಪ್ಪಿ, ಆ ಪ್ರಾಮಾಣ್ಯವನ್ನು ಹಿಡಿಯುವುದು ಸಾಕ್ಷಿ, ಅಂದರೆ ಆತ್ಮದ ಒಳಗಿನ ಅರಿವು ಅಂದರು. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಒಪ್ಪಲಿಲ್ಲ. ಪ್ರಾಮಾಣ್ಯ ಹೊರಗಿನಿಂದ ಬರಬೇಕು, ಪರೀಕ್ಷೆ ಆಗಬೇಕು ಅಂದರು. ಆ ದಾರಿಯಲ್ಲೇ ನಡೆದ ಉದಯನ ನ್ಯಾಯಕುಸುಮಾಂಜಲಿಯಲ್ಲಿ ಈಶ್ವರನ ಪರವಾಗಿ ಸಾಲು ಸಾಲು ಅನುಮಾನಗಳನ್ನು (ಸಂಶಯ ಅಲ್ಲ, ತರ್ಕದ ವಾದಗಳನ್ನು) ಕೊಟ್ಟ. ನನಗೆ ಸ್ವಿನ್‌ಬರ್ನ್ ಉದಯನನ ಸಾಲಿನಲ್ಲಿ ಕಾಣುತ್ತಾರೆ. ಪ್ಲಾಂಟಿಂಗಾ, ಆಲ್‌ಸ್ಟನ್ ಸ್ವತಃಪ್ರಾಮಾಣ್ಯದ ಕಡೆ.

ಇದು ನಾನು ಸುಮ್ನೆ ಹೊಂದಿಸಿದ ಹೋಲಿಕೆಯಲ್ಲ. ಡ್ಯಾನ್ ಅರ್ನಾಲ್ಡ್ ಅನ್ನುವ ವಿದ್ವಾಂಸರು ಬೌದ್ಧರ ಮತ್ತು ಮೀಮಾಂಸಕರ ಪ್ರಮಾಣ ಚರ್ಚೆಯ ಬಗ್ಗೆ 2005ರಲ್ಲಿ ಬರೆದ ಪುಸ್ತಕದಲ್ಲಿ ಮೀಮಾಂಸಕ ಕುಮಾರಿಲನನ್ನೂ ಆಲ್‌ಸ್ಟನ್ನರನ್ನೂ ಜೊತೆಗಿಟ್ಟು ನೋಡಿದ್ದಾರೆ.

ಆದರೆ ಅನುಮಾನಿ ಅವರ ಪ್ರಶ್ನೆ ಇಲ್ಲಿ ಇನ್ನೂ ಹರಿತವಾಗುತ್ತದೆ. ಅದೇ ಸ್ವತಃಪ್ರಾಮಾಣ್ಯದ ಬಲದಿಂದ ಕುಮಾರಿಲ ಎತ್ತಿಹಿಡಿದದ್ದು ವೇದವನ್ನು. ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಅವನು ಒಪ್ಪಲೇ ಇಲ್ಲ! ಮಧ್ವರು ಅದೇ ನೆಲೆಯಿಂದ ಹೊರಟು ವಿಷ್ಣು ಸರ್ವೋತ್ತಮ ಅಂದರು. ಅಂದರೆ ಈ ಪ್ರಮಾಣಶಾಸ್ತ್ರ ಮನೆಗೆ ಕಾವಲಾಗಬಲ್ಲದು. ಯಾವ ಮನೆ ಅಂತ ಅದು ಹೇಳುವುದಿಲ್ಲ.

ಹಗಲು_ಓದು

ಉಡುಪಿಯವರೇ, ಇದನ್ನೇ ಕಾಯುತ್ತಿದ್ದೆ. ನೂರಕ್ಕೆ ನೂರು ಒಪ್ಪುತ್ತೇನೆ. ಬೇರೆ ಬೇರೆ ಧರ್ಮಗಳಲ್ಲಿ ಬೇರೆ ಬೇರೆ ಅನುಭವ ಇದೆಯಲ್ಲ ಅನ್ನುವುದು, ದೇವರ ಅನುಭವವನ್ನೂ ಕಣ್ಣಿಗೆ ಕಂಡದ್ದರ ಹಾಗೆ ನಂಬಬಹುದು ಅನ್ನುವ ತಮ್ಮ ವಾದಕ್ಕೆ ಅತಿ ದೊಡ್ಡ ತೊಡಕು ಅಂತ ಆಲ್‌ಸ್ಟನ್ ತಾವೇ 1991ರ ‘ಪರ್ಸೀವಿಂಗ್ ಗಾಡ್’ ಪುಸ್ತಕದಲ್ಲಿ ಬರೆದಿದ್ದಾರೆ. ತನ್ನ ನಂಬಿಕೆಯಲ್ಲಿ ಮುಂದುವರಿಯುವುದು ಅವಿವೇಕವಲ್ಲ, ಆದರೆ ಈ ಭಿನ್ನತೆಯಿಂದ ಅದರ ಬಲ ಕಡಿಮೆಯಾಗುತ್ತದೆ ಅಂತ ಒಪ್ಪಿಕೊಳ್ಳುತ್ತಾರೆ.

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ಮಕ್ಕಳ ವಾರ್ಡು. ತತ್ವಶಾಸ್ತ್ರ ಓದಿಲ್ಲ, ಆದರೆ ಇದನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಜ್ಞಾನ, ಪ್ರಮಾಣ ಎಲ್ಲಾ ಸರಿ. ನನಗೆ ಇರುವುದು ಒಂದೇ ಪ್ರಶ್ನೆ. ಏನೂ ತಪ್ಪು ಮಾಡದ ಮಗು ನರಳುವುದಕ್ಕೆ ಇವರು ಏನು ಹೇಳುತ್ತಾರೆ?

ಹಗಲು_ಓದು

ಅಕ್ಕಾ, ಈ ಪೀಳಿಗೆಯವರು ಎಲ್ಲಕ್ಕಿಂತ ಹೆಚ್ಚು ಬೆವರು ಸುರಿಸಿದ್ದು ಈ ಪ್ರಶ್ನೆಗೇ. ಸ್ವಲ್ಪ ಉದ್ದವಾಗುತ್ತದೆ.

1955ರಲ್ಲಿ ಜೆ. ಎಲ್. ಮ್ಯಾಕಿ ಅನ್ನುವ ಆಸ್ಟ್ರೇಲಿಯಾದ ತತ್ವಶಾಸ್ತ್ರಜ್ಞರು ‘ಮೈಂಡ್’ ಪತ್ರಿಕೆಯಲ್ಲಿ ಬರೆದರು: ದೇವರು ಸರ್ವಶಕ್ತ, ದೇವರು ಪೂರ್ತಿ ಒಳ್ಳೆಯವನು, ಆದರೂ ಕೆಡುಕಿದೆ. ಈ ಮೂರೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ. ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದರಿಂದ ಕೆಡುಕು ಬಂತು ಅಂತೀರಾ? ಹಾಗಾದರೆ ಸ್ವತಂತ್ರವಾಗಿ ಯಾವಾಗಲೂ ಒಳ್ಳೆಯದನ್ನೇ ಆರಿಸಿಕೊಳ್ಳುವ ಮನುಷ್ಯರನ್ನೇ ದೇವರು ಸೃಷ್ಟಿಸಬಹುದಿತ್ತಲ್ಲ?

ಇದಕ್ಕೆ 1974ರಲ್ಲಿ ಪ್ಲಾಂಟಿಂಗಾ ಕೊಟ್ಟ ಉತ್ತರದಲ್ಲಿ ಒಂದು ಚಿಕ್ಕ ಕಥೆ ಇದೆ. ಬಾಸ್ಟನ್ನಿನ ಮೇಯರ್ ಕರ್ಲಿ ಒಂದು ಹೆದ್ದಾರಿಗೆ ಅಡ್ಡ ನಿಂತಿದ್ದಾನೆ. ಹೆದ್ದಾರಿ ಅಧಿಕಾರಿ 35,000 ಡಾಲರ್ ಲಂಚ ಕೊಡುತ್ತಾನೆ. ಕರ್ಲಿ ತೆಗೆದುಕೊಳ್ಳುತ್ತಾನೆ. ಆಮೇಲೆ ಅಧಿಕಾರಿಗೆ ನಿದ್ದೆ ಬರುವುದಿಲ್ಲ. 20,000ಕ್ಕೇ ಒಪ್ಪುತ್ತಿದ್ದನಾ?

ಈ ಪ್ರಶ್ನೆಗೆ ಒಂದು ಉತ್ತರ ಇದೆ ಅಂದುಕೊಳ್ಳಿ. ಆ ಉತ್ತರ ಯಾರ ಕೈಯಲ್ಲಿದೆ? ಕರ್ಲಿ ಕೈಯಲ್ಲಿ. 20,000 ಮುಂದಿಟ್ಟಾಗ ಅವನು ಸ್ವತಂತ್ರವಾಗಿಯೇ ತೆಗೆದುಕೊಳ್ಳುವವನಾದರೆ, ಅವನು ಸ್ವತಂತ್ರವಾಗಿ ಬೇಡ ಅನ್ನುವ ಜಗತ್ತನ್ನು ದೇವರು ಉಂಟುಮಾಡಲಾರ. ಬಲವಂತವಾಗಿ ಬೇಡ ಅನ್ನಿಸಿದರೆ ಅದು ಸ್ವಾತಂತ್ರ್ಯವಲ್ಲ. ಅಂದರೆ ತಾರ್ಕಿಕವಾಗಿ ಸಾಧ್ಯವಿರುವ ಎಲ್ಲ ಜಗತ್ತುಗಳನ್ನೂ ಸರ್ವಶಕ್ತನೂ ತಾನೊಬ್ಬನೇ ಉಂಟುಮಾಡಲಾಗುವುದಿಲ್ಲ. ಎಲ್ಲ ಮನುಷ್ಯರೂ ಎಲ್ಲೋ ಒಂದು ಕಡೆ ಎಡವುವ ಕರ್ಲಿಗಳೇ ಆಗಿರುವುದು ಸಾಧ್ಯ. ಸಾಧ್ಯ ಅಂದರೆ ಸಾಕು. ‘ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ’ ಅನ್ನುವ ಮಾತು ಬಿದ್ದುಹೋಗುತ್ತದೆ. 1982ರಲ್ಲಿ ಬಂದ ತಮ್ಮ ಕೊನೆಯ ಪುಸ್ತಕದಲ್ಲಿ ಮ್ಯಾಕಿ ಕೂಡ, ಆಸ್ತಿಕತೆಯ ಮುಖ್ಯ ನಂಬಿಕೆಗಳು ಒಂದಕ್ಕೊಂದು ತಾರ್ಕಿಕವಾಗಿ ವಿರುದ್ಧ ಅಂತ ಕೆಡುಕಿನ ಸಮಸ್ಯೆ ತೋರಿಸುವುದಿಲ್ಲ ಅಂತ ಒಪ್ಪಿದರು. ಪ್ಲಾಂಟಿಂಗಾ ಅವರ ಉತ್ತರ ಅವರಿಗೆ ಪೂರ್ತಿ ಹಿಡಿಸಲಿಲ್ಲ, ಅದು ಬೇರೆ ಮಾತು.

ಆದರೆ ನೀವು ಕೇಳಿದ ಮಗುವಿಗೂ ಕರ್ಲಿಗೂ ಏನು ಸಂಬಂಧ? ಇದೇ ಪ್ರಶ್ನೆಯನ್ನು ಬೇರೆ ರೀತಿ ಕೇಳಿದವರು ವಿಲಿಯಂ ರೋ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದರು. ಪಾದ್ರಿಗಳ ಸೆಮಿನರಿಯಲ್ಲಿ ಓದಿ, ನಂತರ ನಂಬಿಕೆ ಬಿಟ್ಟವರು. 1979ರ ಅವರ ಲೇಖನದಲ್ಲಿ ಒಂದು ಜಿಂಕೆಮರಿ ಬರುತ್ತದೆ. ದೂರದ ಕಾಡಿನಲ್ಲಿ ಸಿಡಿಲು ಬಡಿದು ಬೆಂಕಿ ಹತ್ತುತ್ತದೆ. ಮರಿ ಸುಟ್ಟುಕೊಂಡು ಹಲವು ದಿನ ನರಳಿ ಸಾಯುತ್ತದೆ. ನೋಡಿದವರಿಲ್ಲ. ಅದರಿಂದ ಯಾರೂ ಪಾಠ ಕಲಿಯಲಿಲ್ಲ. ಯಾರ ಸ್ವಾತಂತ್ರ್ಯದ ಪ್ರಶ್ನೆಯೂ ಇಲ್ಲ. ಆ ನರಳಾಟದಿಂದ ಯಾವ ಒಳ್ಳೆಯದು ಆಯಿತು? ನಮಗೆ ಏನೂ ಕಾಣುವುದಿಲ್ಲ. ಹಾಗಾಗಿ ಬಹುಶಃ ಏನೂ ಇಲ್ಲ. ಹಾಗಾಗಿ ಬಹುಶಃ ದೇವರಿಲ್ಲ. ‘ಅಸಾಧ್ಯ’ ಅಲ್ಲ, ‘ಬಹುಶಃ’. ಈ ಬದಲಾವಣೆಯಿಂದ ವಾದ ಹತ್ತು ಪಟ್ಟು ಗಟ್ಟಿಯಾಯಿತು.

1984ರಲ್ಲಿ ಸ್ಟೀಫನ್ ವಿಕ್‌ಸ್ಟ್ರಾ ಇದಕ್ಕೆ ಉತ್ತರ ಕೊಟ್ಟರು. ಕಾಣಲಿಲ್ಲ ಅಂದರೆ ಇಲ್ಲ ಅನ್ನಬೇಕಾದರೆ, ಇದ್ದಿದ್ದರೆ ಕಾಣುತ್ತಿತ್ತು ಅನ್ನುವ ಭರವಸೆ ಇರಬೇಕು. ಕೋಣೆಯಲ್ಲಿ ಆನೆ ಕಾಣದಿದ್ದರೆ ಆನೆ ಇಲ್ಲ. ಚಿಗಟ ಕಾಣದಿದ್ದರೆ ಇಲ್ಲ ಅನ್ನಲಾದೀತೇ? ದೇವರ ಉದ್ದೇಶ ನಮ್ಮ ಕಣ್ಣಿಗೆ ಕಾಣುವಂತಿರಬೇಕು ಅಂತ ಯಾಕೆ ಅಂದುಕೊಳ್ಳಬೇಕು?

ತರ್ಕಕ್ಕೆ ಇದು ಸರಿ ಅನ್ನಿಸುತ್ತದೆ. ವಾರ್ಡಿನಲ್ಲಿ ನಿಂತವರಿಗೆ ಇದು ಸಾಕಾಗುವುದಿಲ್ಲ ಅಂತ ನನಗೂ ಗೊತ್ತು. ನೇತ್ರಾವತಿ ಅವರು ಇದ್ದರೆ ಮುಂದಿನದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

ನೇತ್ರಾವತಿ_ದಡ

ಇದ್ದೇನೆ. ಮಂಗಳೂರಿನ ಕ್ಯಾಥೊಲಿಕ್ ಮನೆಯವಳು, ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತೇನೆ.

ರಾತ್ರಿಪಾಳಿ ಅವರೇ, ಈ ಚಳುವಳಿಯ ಅತಿ ಒಳ್ಳೆಯ ಕೆಲಸ ಇಲ್ಲಿಂದ ಶುರುವಾಗುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮರಿಲಿನ್ ಮೆಕಾರ್ಡ್ ಆಡಮ್ಸ್ ಅನ್ನುವ ಒಬ್ಬರಿದ್ದರು. ಮಧ್ಯಯುಗದ ತತ್ವಶಾಸ್ತ್ರದಲ್ಲಿ ದೊಡ್ಡ ವಿದ್ವಾಂಸರು. ಜೊತೆಗೆ ಎಪಿಸ್ಕೋಪಲ್ ಸಭೆಯ ಪಾದ್ರಿ. 2004ರಲ್ಲಿ ಆಕ್ಸ್‌ಫರ್ಡಿನ ರೀಜಿಯಸ್ ದೈವಶಾಸ್ತ್ರ ಪೀಠಕ್ಕೆ ಬಂದ ಮೊದಲ ಹೆಂಗಸು. 2017ರಲ್ಲಿ ತೀರಿಕೊಂಡರು.

ಅವರು ತಮ್ಮ ಜೊತೆಯ ಗಂಡಸರಿಗೆ ನೇರವಾಗಿ ಹೇಳಿದ್ದು ಇದು. ನೀವು ಜಗತ್ತಿನ ಒಟ್ಟು ಲೆಕ್ಕ ಹಾಕುತ್ತೀರಿ. ಸ್ವಾತಂತ್ರ್ಯ ಇರುವ ಜಗತ್ತು ಒಟ್ಟಿನಲ್ಲಿ ಒಳ್ಳೆಯದು ಅಂತೀರಿ. ಆದರೆ ಕೆಲವು ಕೆಡುಕುಗಳಿವೆ. ಅವು ಒಬ್ಬ ಮನುಷ್ಯನ ಬದುಕಿನ ಅರ್ಥವನ್ನೇ ನುಂಗಿಬಿಡುತ್ತವೆ. ಇಂಥದ್ದನ್ನು ಅನುಭವಿಸಿದವನು, ಅಥವಾ ತನ್ನ ಕೈಯಾರೆ ಮಾಡಿದವನು, ತಾನು ಹುಟ್ಟಿದ್ದೇ ಒಳ್ಳೆಯದಾಯಿತು ಅಂತ ಹೇಳಲಾರ. ಅವರ ಒಂದು ಉದಾಹರಣೆ: ಗೊತ್ತಿಲ್ಲದೆ ತನ್ನ ಮಗುವಿನ ಮೇಲೆಯೇ ಗಾಡಿ ಹರಿಸಿದ ಅಪ್ಪ. ಅವನ ಹತ್ತಿರ ಹೋಗಿ ‘ಜಗತ್ತು ಒಟ್ಟಿನಲ್ಲಿ ಸಮತೋಲದಲ್ಲಿದೆ’ ಅನ್ನಲಾಗುತ್ತದೆಯೇ? ದೇವರು ಒಳ್ಳೆಯವನಾದರೆ ಆ ಒಬ್ಬ ಅಪ್ಪನಿಗೆ ಒಳ್ಳೆಯವನಾಗಿರಬೇಕು, ಆ ಒಂದು ಮಗುವಿಗೆ ಒಳ್ಳೆಯವನಾಗಿರಬೇಕು. ಬೇರೆ ಯಾರದೋ ಲಾಭಕ್ಕೆ ಅವರನ್ನು ಬೆಲೆಯಾಗಿ ತೆರುವಂತಿಲ್ಲ.

ಇದಕ್ಕೆ ಅವರು ಕೊಡುವ ಉತ್ತರ ಪೂರ್ತಿ ಕ್ರಿಶ್ಚಿಯನ್. ದೇವರು ಶಿಲುಬೆಯ ಮೇಲೆ ಸ್ವತಃ ಅಂಥ ಭೀಕರತೆಯೊಳಗೆ ಇಳಿದ. ಆ ಕಾರಣಕ್ಕೆ ಮನುಷ್ಯನ ಅತಿ ಕೆಟ್ಟ ಗಳಿಗೆಯೂ ದೇವರ ಜೊತೆಗಿನ ಸಂಬಂಧದೊಳಗೆ ಸೇರಬಲ್ಲದು. ಸಾವಿನ ಆಚೆಗಾದರೂ ಆ ಮನುಷ್ಯ ತನ್ನ ಬದುಕನ್ನು ಮತ್ತೆ ತನ್ನದು ಅನ್ನಬಲ್ಲ. ಇದನ್ನು ನೀವು ಒಪ್ಪಬೇಕಿಲ್ಲ. ಅದು ತರ್ಕದ ಬಲದಿಂದ ಮಾತ್ರ ನಿಲ್ಲುವ ಉತ್ತರ ಅಂತ ಅವರೂ ಹೇಳಲಿಲ್ಲ. ಆದರೆ ಯಾವ ಉತ್ತರಕ್ಕೂ ಎಷ್ಟು ಎತ್ತರದ ಅಳತೆ ಇಡಬೇಕು ಅಂತ ಅವರು ತೋರಿಸಿದರು. ಅವರ ನಂತರ ಒಟ್ಟು ಲೆಕ್ಕದ ಮಾತಾಡುವುದು ಕಷ್ಟವಾಯಿತು.

ಇನ್ನೊಬ್ಬರು ವೋಲ್ಟರ್‌ಸ್ಟಾರ್ಫ್. 1983ರಲ್ಲಿ ಅವರ ಮಗ ಎರಿಕ್ ಆಸ್ಟ್ರಿಯಾದ ಬೆಟ್ಟ ಹತ್ತುವಾಗ ಬಿದ್ದು ತೀರಿಕೊಂಡ. ಇಪ್ಪತ್ತೈದು ವರ್ಷ. ಆ ಅಪ್ಪ ನಾಲ್ಕು ವರ್ಷದ ನಂತರ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದರು. ಜಗತ್ತಿನ ಅತಿ ಚುರುಕಾದ ತಾರ್ಕಿಕರಲ್ಲಿ ಒಬ್ಬರು ಅವರು. ಆ ಪುಸ್ತಕದಲ್ಲಿ ಯಾವ ಸಮರ್ಥನೆಯೂ ಇಲ್ಲ. ಯಾಕೆ ಹೀಗಾಯಿತು ಅನ್ನುವುದಕ್ಕೆ ವಿವರಣೆ ಕೊಡಲು ನಿರಾಕರಿಸುತ್ತಾರೆ. ನಂಬಿಕೆ ಬಿಡುವುದಿಲ್ಲ. ಗೋಳಾಡುವುದನ್ನೂ ಬಿಡುವುದಿಲ್ಲ. ಮುಂದೆ ಅವರು ನ್ಯಾಯದ ಬಗ್ಗೆ ಬರೆದ ದೊಡ್ಡ ಪುಸ್ತಕಗಳ ಹಿಂದೆಯೂ ನೋವುಂಡವರ ದನಿ ಕೇಳಬೇಕು ಅನ್ನುವ ಇದೇ ಹಟ ಇದೆ.

ಒಂದು ಸಣ್ಣ ತಕರಾರು ಹಗಲು ಓದು ಅವರ ಮೇಲೆ. ನೀವು ಕಥೆಯನ್ನು ಬರೀ ಪ್ರಾಟೆಸ್ಟಂಟರದ್ದು ಮಾಡಿದ್ದೀರಿ. ಎಲಿಜಬೆತ್ ಆನ್ಸ್‌ಕಂಬ್ ಎಲ್ಲಿ? ವಿಟ್‌ಗೆನ್‌ಸ್ಟೈನ್ ಶಿಷ್ಯೆ, ಅಪ್ಪಟ ಕ್ಯಾಥೊಲಿಕ್. ದೇವರ ಕಟ್ಟಳೆ ಅನ್ನುವ ಕಲ್ಪನೆಯನ್ನು ಬಿಟ್ಟಮೇಲೂ ‘ಮಾಡಲೇಬೇಕು’ ಅನ್ನುವ ನೈತಿಕ ಮಾತನ್ನು ಮಾತ್ರ ಉಳಿಸಿಕೊಂಡಿದ್ದೀರಲ್ಲ ಅಂತ ಅವರು 1958ರಲ್ಲೇ ಕೇಳಿದ್ದರು. ಇವತ್ತಿನ ಸದ್ಗುಣ ನೀತಿಶಾಸ್ತ್ರ ಹುಟ್ಟಿದ್ದೇ ಆ ಲೇಖನದಿಂದ. 1981ರಲ್ಲಿ ಅಲಾಸ್ಡೇರ್ ಮೆಕಿಂಟೈರ್ ಆ ದಾರಿಯನ್ನು ಮುಂದುವರಿಸಿದರು. ಅವರು 2025ರಲ್ಲಿ ತೀರಿಕೊಂಡರು. 1955ರಲ್ಲಿ ದೇವರ ಮಾತಿಗೆ ಅರ್ಥ ಇದೆಯೇ ಅನ್ನುವ ಪ್ರಶ್ನೆ ಎತ್ತಿದ ಒಂದು ಪ್ರಸಿದ್ಧ ಲೇಖನ ಸಂಗ್ರಹ ಬಂತು. ಅದರ ಸಂಪಾದಕರು ಇಬ್ಬರು: ಆಂಟನಿ ಫ್ಲೂ ಮತ್ತು ಇದೇ ಮೆಕಿಂಟೈರ್. ಒಬ್ಬರು ಮಾರ್ಕ್ಸ್‌ವಾದ ದಾಟಿ ಕ್ಯಾಥೊಲಿಕ್ ಆದರು. ಇನ್ನೊಬ್ಬರು ನಾಸ್ತಿಕತೆಯ ದೊಡ್ಡ ವಕ್ತಾರರಾಗಿದ್ದು, 2004ರಲ್ಲಿ ಜಗತ್ತಿಗೊಂದು ಮೂಲ ಬುದ್ಧಿ ಇದೆ ಅಂತ ಒಪ್ಪಿದರು. ಕ್ರಿಶ್ಚಿಯನ್ ಮಾತ್ರ ಆಗಲಿಲ್ಲ.

ರಾತ್ರಿಪಾಳಿ

ಆ ಅಪ್ಪನ ಪುಸ್ತಕ ಓದಬೇಕು ಅನ್ನಿಸುತ್ತಿದೆ. ಜಿಂಕೆಮರಿಯ ಲೇಖನವನ್ನೂ. ವಿವರಣೆ ಕೊಡುವುದಿಲ್ಲ ಅಂದಿದ್ದು ನನಗೆ ಸರಿ ಕಂಡಿತು. ವಾರ್ಡಿನಲ್ಲಿ ಕಾರಣ ಹೇಳಲು ಬರುವ ನೆಂಟರನ್ನು ಕಂಡರೆ ತಾಯಂದಿರು ಮುಖ ತಿರುಗಿಸಿಕೊಳ್ಳುತ್ತಾರೆ.

ಅನುಮಾನಿ

ಆಡಮ್ಸ್ ಬಗ್ಗೆ ಬರೆದದ್ದು ಓದಿ ಗೌರವ ಹೆಚ್ಚಿತು. ಆದರೆ ನನ್ನ ಕೊನೆಯ ಎರಡು ಮಾತು ಹೇಳಿಬಿಡುತ್ತೇನೆ.

ಒಂದು. ನನಗೆ ಅತಿ ಬಲವಾಗಿ ಕಾಣುವ ವಾದ ನೋವಿನದ್ದಲ್ಲ, ಮೌನದ್ದು. ಕೆನಡಾದ ಜೆ. ಎಲ್. ಶೆಲೆನ್‌ಬರ್ಗ್ 1993ರಲ್ಲಿ ಮಂಡಿಸಿದ್ದು. ಪ್ರೀತಿಸುವ ದೇವರಿದ್ದರೆ, ತನ್ನ ಜೊತೆ ಸಂಬಂಧ ಬಯಸುವ, ಎದೆ ತೆರೆದ ಯಾರಿಗೂ ತಾನಿದ್ದೇನೆ ಅಂತ ತಿಳಿಯದ ಹಾಗೆ ಬಿಡುತ್ತಿರಲಿಲ್ಲ. ಆದರೆ ಪ್ರಾಮಾಣಿಕವಾಗಿ ಹುಡುಕಿಯೂ ಕಾಣದವರು ಇದ್ದಾರೆ. ನಾನು ಅಂಥವನು. ಹಟಕ್ಕೆ ಬಿದ್ದು ದೇವರನ್ನು ದೂರ ಇಟ್ಟವನಲ್ಲ. ನಮ್ಮೊಳಗೆ ದೇವರನ್ನು ಅರಿಯುವ ಒಂದು ಸಾಮರ್ಥ್ಯ ಇದೆ, ಪಾಪದಿಂದ ಅದು ಕೆಟ್ಟಿದೆ ಅಂತ ಪ್ಲಾಂಟಿಂಗಾ ಹೇಳುತ್ತಾರೆ. ಅದನ್ನು ಓದಿದಾಗ ನನ್ನ ಬಗ್ಗೆ ಏನೂ ಗೊತ್ತಿಲ್ಲದವರು ನನ್ನ ಮೇಲೆ ತೀರ್ಪು ಕೊಟ್ಟ ಹಾಗೆ ಅನ್ನಿಸುತ್ತದೆ.

ಎರಡು. 2013ರಲ್ಲಿ ಪಾಲ್ ಡ್ರೇಪರ್ ಮತ್ತು ರಯನ್ ನಿಕೋಲ್ಸ್ ಬರೆದ ಲೇಖನ ಓದಿ. ಈ ಕ್ಷೇತ್ರ ಒಂದೇ ಕಡೆ ವಾಲಿದೆ, ಬೇಕಾದ ತೀರ್ಮಾನಕ್ಕೆ ವಾದ ಹುಡುಕುವ ಅಭ್ಯಾಸ ಬೆಳೆದಿದೆ ಅನ್ನುವುದು ಅವರ ದೂರು. ಉಡುಪಿಯವರು ತಂದ ಉದಯನ, ಕುಮಾರಿಲರಿಗೆ ಆ ಪಠ್ಯಗಳಲ್ಲಿ ಎಷ್ಟು ಜಾಗ ಇದೆ ನೋಡಿ. ಹೆಸರು ‘ಧರ್ಮದ ತತ್ವಶಾಸ್ತ್ರ’. ಒಳಗಿರುವುದು ಹೆಚ್ಚಾಗಿ ಒಂದೇ ಧರ್ಮ.

ಹಗಲು_ಓದು

ಎರಡನೆಯದು ಪೂರ್ತಿ ಸರಿ, ನನ್ನ ಬಳಿ ಮರುಮಾತಿಲ್ಲ. ಇದು ಆ ಚಳುವಳಿಯ ನಿಜವಾದ ಮಿತಿ. ತಮ್ಮ ಸಮುದಾಯದ ಪ್ರಶ್ನೆಗಳನ್ನು ಎತ್ತಿಕೊಳ್ಳಿ ಅಂತ 1983ರಲ್ಲಿ ಹೇಳಿದ ಮಾತು ಬೇರೆ ಸಮುದಾಯಗಳಿಗೂ ಅಷ್ಟೇ ಅನ್ವಯಿಸುತ್ತದೆ. ನ್ಯಾಯ, ಮೀಮಾಂಸೆ, ದ್ವೈತ ಓದಿಕೊಂಡವರು ಅದೇ ಕಣದಲ್ಲಿ, ಅದೇ ಬಿಗಿಯಲ್ಲಿ ಬರೆಯಬೇಕು. ಬರೆದರೆ ಪ್ಲಾಂಟಿಂಗಾ ಓದಿದವರು ಬೇಡ ಅನ್ನಲು ಕಾರಣವೇ ಇಲ್ಲ.

ಮೊದಲನೆಯದಕ್ಕೆ ಕೆಲವರು ಉತ್ತರ ಕೊಟ್ಟಿದ್ದಾರೆ. ದೇವರು ತುಂಬಾ ಸ್ಪಷ್ಟವಾಗಿ ಕಂಡರೆ ಸ್ವಾತಂತ್ರ್ಯಕ್ಕೆ ಅರ್ಥ ಇರುವುದಿಲ್ಲ ಅಂತ ಸ್ವಿನ್‌ಬರ್ನ್ ಕಡೆಯ ವಾದ. ನನಗೆ ಅದು ನಿಮ್ಮಂಥವರ ಮಟ್ಟಿಗೆ ಸಾಲದು. ಹುಡುಕಿದೆ, ಸಿಗಲಿಲ್ಲ ಅಂತ ನೀವು ಹೇಳಿದರೆ ನಾನು ನಂಬುತ್ತೇನೆ. ನಿಮ್ಮನ್ನು ಪಾಪದ ಖಾನೆಗೆ ಹಾಕಿ ವಾದ ಗೆಲ್ಲುವ ಮನಸ್ಸು ನನಗಿಲ್ಲ. ಜಿಂಕೆಮರಿಯ ಲೇಖನದಲ್ಲೇ ರೋ ‘ಸ್ನೇಹದ ನಾಸ್ತಿಕತೆ’ ಅಂತ ಒಂದು ನಿಲುವು ಇಡುತ್ತಾರೆ: ದೇವರಿಲ್ಲ ಅಂತ ನಾನು ನಂಬಲು ಕಾರಣ ಇದೆ, ಆದರೂ ನೀವು ಇದ್ದಾನೆ ಅಂತ ನಂಬುವುದು ವಿವೇಕವೇ ಆಗಿರಬಹುದು. ಆಸ್ತಿಕರಾದ ನಾವೂ ಅಷ್ಟನ್ನು ತಿರುಗಿಸಿ ಕೊಡಬೇಕು.

ಎಂಎ_ಮೊದಲ_ವರ್ಷ

ಸರ್, ಮೇಡಂ, ಎಲ್ಲಿಂದ ಓದಲು ಶುರು ಮಾಡಲಿ? ದೊಡ್ಡ ಪುಸ್ತಕ ಕೈಗೆತ್ತಿಕೊಂಡರೆ ಅರ್ಧಕ್ಕೇ ನಿಲ್ಲುತ್ತದೆ.

ನೇತ್ರಾವತಿ_ದಡ

ದೊಡ್ಡದು ಬೇಡ. ಮೊದಲು ಮ್ಯಾಕಿಯ 1955ರ ಲೇಖನ ಓದಿ, ಕೆಲವೇ ಪುಟ. ಅದು ನಿಮ್ಮನ್ನು ನಿಜವಾಗಿ ಅಲ್ಲಾಡಿಸಬೇಕು. ಆಮೇಲೆ ಪ್ಲಾಂಟಿಂಗಾ ಅವರ ‘ಗಾಡ್, ಫ್ರೀಡಂ ಅಂಡ್ ಈವಿಲ್’. ತೆಳ್ಳನೆಯ ಪುಸ್ತಕ, ಕರ್ಲಿಯ ಕಥೆ ಅದರಲ್ಲೇ ಇದೆ. ನಂತರ ರೋ, ವಿಕ್‌ಸ್ಟ್ರಾ. ಇಷ್ಟು ಮುಗಿದ ಮೇಲೆ ಆಡಮ್ಸ್. ಪ್ರತಿ ಲೇಖನ ಮುಗಿಸಿದಾಗ ವಾದವನ್ನು ಕನ್ನಡದಲ್ಲಿ ಒಂದು ಪುಟ ಬರೆದು ಇಲ್ಲಿ ಹಾಕಿ. ಎದುರು ಪಕ್ಷದಿಂದ ಅನುಮಾನಿ ಅವರು ನೋಡುತ್ತಾರೆ, ನಾನೂ ನೋಡುತ್ತೇನೆ.

ಅನುಮಾನಿ

ಖಂಡಿತ. ಮ್ಯಾಕಿಯಿಂದ ಶುರು ಮಾಡಿ, ಕಾಯುತ್ತಿರುತ್ತೇನೆ.